ಯಾವ ಕಂಪನಿಯ ವಿಮಾನ

ಡಾಕ್ಟರ್ ಉದ್ಧವ ರಿಮಾಲರಿಗೆ ಬೇಕಾಗಿದ್ದದ್ದು ಒಂದೇ ಒಂದು ಪುಟ. ಎಡಕ್ಕೆ ವಿಮಾನ ಕಂಪನಿಗಳ ಹೆಸರು, ಬಲಕ್ಕೆ ಬಿದ್ದ ವಿಮಾನಗಳ ಸಂಖ್ಯೆ, ಕೆಳಗೊಂದು ಸಾಲಿನ ತೀರ್ಮಾನ. ತೀರ್ಮಾನವನ್ನು ಅವರು ಆಗಲೇ ಮಾಡಿಕೊಂಡಿದ್ದರು: ಇನ್ನು ಮುಂದೆ ತಾವು ನಡೆಸುವ ಆರೋಗ್ಯ ಸಂಸ್ಥೆಯ ಯಾರೂ ಹಿಮಚುಲಿ ಕಂಪನಿಯ ವಿಮಾನ ಹತ್ತಕೂಡದು.

"ಇದರಲ್ಲಿ ಲೆಕ್ಕ ಹಾಕೋಕೆ ಏನಿದೆ ಜ್ಞಾನುಜಿ?" ಎಂದರು ಅವರು. "ಹತ್ತು ವರ್ಷದಲ್ಲಿ ಹಿಮಚುಲಿಯವರದ್ದು ಎರಡು ಬಿದ್ದಿವೆ. ಸುನಾಖರಿಯವರದ್ದು ಒಂದೂ ಬಿದ್ದಿಲ್ಲ. ಮೂರನೇ ಕ್ಲಾಸಿನ ಮಗು ಕೂಡ ಹೇಳುತ್ತೆ ಯಾವುದು ಒಳ್ಳೇದು ಅಂತ."

"ಮಗೂನೇ ಹೇಳೋದಾದ್ರೆ ನನ್ನನ್ಯಾಕೆ ಕರೆಸಿದ್ರಿ ಡಾಕ್ಟರ್ ಸಾಬ್?"

"ಮಗು ರುಜು ಹಾಕಿದ್ರೆ ದೇಣಿಗೆದಾರರು ಒಪ್ಪಲ್ಲವಲ್ಲ, ಅದಕ್ಕೆ."

ಜ್ಞಾನು ಬಜ್ರಾಚಾರ್ಯ ನಗಲಿಲ್ಲ. ನೇಪಾಳದ ಪಾಟನ್‌ನ ಆ ಕಚೇರಿಯಲ್ಲಿ ಆಕೆ ಹನ್ನೆರಡು ವರ್ಷಗಳಿಂದ ಅಂಕಿಸಂಖ್ಯೆಯ ಕೆಲಸ ಮಾಡುತ್ತ ಬಂದವಳು. ಕರ್ಣಾಲಿಯ ಬೆಟ್ಟಗಳಲ್ಲಿ ಎಷ್ಟು ಮಕ್ಕಳಿಗೆ ಲಸಿಕೆ ಬಿತ್ತು, ಯಾವ ಕಣಿವೆಯಲ್ಲಿ ಹೆರಿಗೆಯಲ್ಲಿ ಎಷ್ಟು ತಾಯಂದಿರು ಹೋದರು ಎನ್ನುವುದೆಲ್ಲ ಆಕೆಯ ಮೇಜನ್ನು ದಾಟಿಯೇ ವರದಿಯಾಗುತ್ತಿತ್ತು. ಈ ಸಲ ಆಕೆಯ ಮೇಜಿಗೆ ಬಂದದ್ದು ತನ್ನ ಕಚೇರಿಯದ್ದೇ ಸಾವು.

ಮಾಘ ಮಾಸದಲ್ಲಿ, ನೇಪಾಲ್‌ಗಂಜ್‌ನಿಂದ ಲೇಕಗಾಂವ್‌ಗೆ ಹೊರಟ ಹಿಮಚುಲಿಯ ಸಣ್ಣ ವಿಮಾನ ರನ್‌ವೇಗೆ ಸ್ವಲ್ಪ ಕೆಳಗೆ, ಬೆಟ್ಟದ ಮೈಗೆ ಬಡಿದು ಬಿದ್ದಿತ್ತು. ಒಳಗಿದ್ದವರು ಯಾರೂ ಉಳಿಯಲಿಲ್ಲ. ಅವರಲ್ಲಿ ಸಂಸ್ಥೆಯ ಕಬಿತಾ ಬುಢಾ ಒಬ್ಬಳು. ರಕ್ತಪರೀಕ್ಷೆ ಮಾಡುವವಳು, ಬೆಟ್ಟದ ಕ್ಯಾಂಪುಗಳಿಗೆ ಬೇರೆಯವರು ಹೋಗಲಾರೆವು ಎಂದಾಗ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಿದ್ದವಳು. ಅವಳ ಗಂಡ ಧನಬೀರ್ ಬುಢಾ ಸಂಸ್ಥೆಯ ನೇಪಾಲ್‌ಗಂಜ್ ಕಚೇರಿಯಲ್ಲೇ ಕೆಲಸ ಮಾಡುತ್ತಾನೆ. ಸಾಮಾನು ಸಾಗಿಸುವುದು, ಜನರನ್ನು ಕಳಿಸುವುದು, ವಿಮಾನದ ಟಿಕೆಟ್ ತೆಗೆಸುವುದು ಅವನ ಕೆಲಸ. ಕಬಿತಾಳ ಟಿಕೆಟ್ ತೆಗೆಸಿದವನೂ ಅವನೇ.

ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಜ್ಞಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಅಪಘಾತಗಳ ಪಟ್ಟಿಗಳನ್ನು ತೆರೆದು ಕುಳಿತಳು. ಒಂದರಲ್ಲಿ ಹಿಮಚುಲಿಯ ಹೆಸರಿನ ಮುಂದೆ ಎರಡಲ್ಲ, ಮೂರು ಅಂತಿತ್ತು. ಮೂರನೆಯದು ಏನೆಂದು ಹುಡುಕಿದರೆ, ತರಾಯಿ ಬಯಲಿನ ಒಂದು ನಿಲ್ದಾಣದಲ್ಲಿ ಇಳಿಯುವಾಗ ಎಮ್ಮೆಗೆ ಗುದ್ದಿದ ಪ್ರಕರಣ. ಎಮ್ಮೆಯೊಂದನ್ನು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಮುರಿದ ಬೇಲಿ ವಿಮಾನ ನಿಲ್ದಾಣದವರದು, ಲೆಕ್ಕ ಮಾತ್ರ ಹಿಮಚುಲಿಯ ಖಾತೆಗೆ. ಇನ್ನೊಂದು ಪಟ್ಟಿಯಲ್ಲಿ ಎಮ್ಮೆಯೂ ಇರಲಿಲ್ಲ, ಮಾಘಕ್ಕೂ ಹಿಂದಿನ ಹಳೆಯ ಅಪಘಾತವೂ ಇರಲಿಲ್ಲ. ಒಬ್ಬೊಬ್ಬರು ಒಂದೊಂದನ್ನು ಅಪಘಾತ ಎನ್ನುತ್ತಾರೆ. ಹೋಲಿಸುವವರು ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿಯುತ್ತಾರೆ.

ಸುನಾಖರಿ ಕಂಪನಿಯ ಜಾಹೀರಾತು ಬೇರೆಯೇ ರಾಗ ಹಾಡುತ್ತಿತ್ತು. ಕೋಟ್ಯಂತರ ಕಿಲೋಮೀಟರು ಹಾರಿದ್ದೇವೆ, ಅಪಘಾತ ಸೊನ್ನೆ, ಎಂದು. ಜ್ಞಾನುವಿಗೆ ಆ ಕಿಲೋಮೀಟರುಗಳ ಮೇಲೆ ನಂಬಿಕೆ ಹುಟ್ಟಲಿಲ್ಲ. ವಿಮಾನಗಳು ಆಕಾಶದ ನಡುವೆ ಸುಮ್ಮನೆ ಬೀಳುವುದು ಅಪರೂಪ. ಅಪಾಯವಿರುವುದು ಏರುವಾಗ, ಇಳಿಯುವಾಗ. ದೂರದೂರಿಗೆ ಒಂದೇ ಸಲ ಹಾರಿ ಒಂದೇ ಸಲ ಇಳಿದವನಿಗೂ, ಬೆಟ್ಟದಿಂದ ಬೆಟ್ಟಕ್ಕೆ ದಿನವಿಡೀ ಕುಪ್ಪಳಿಸುವವನಿಗೂ ಕಿಲೋಮೀಟರಿನ ಅಳತೆಗೋಲು ಹಿಡಿದರೆ ಮೊದಲನೆಯವನೇ ಗೆಲ್ಲುತ್ತಾನೆ. ಎಣಿಸಬೇಕಾದದ್ದು ಎಷ್ಟು ಸಲ ಇಳಿದರು ಎನ್ನುವುದನ್ನು. ಅದರಲ್ಲೂ ಎಲ್ಲಿ ಇಳಿದರು ಎನ್ನುವುದನ್ನು.

ವಿಮಾನಯಾನ ಇಲಾಖೆಯಿಂದ ಹಾರಾಟದ ಲೆಕ್ಕ ಬರುವಷ್ಟರಲ್ಲಿ ಫಾಗುನ್ ಮಾಸ ಕಳೆದು ಚೈತ್ ಬಂದಿತ್ತು. ಸುನಾಖರಿಯ ಹಾರಾಟಗಳಲ್ಲಿ ಹೆಚ್ಚಿನವು ದೊಡ್ಡ ವಿಮಾನಗಳವು, ಬಯಲಿನ ಉದ್ದನೆಯ ರನ್‌ವೇಗಳ ನಡುವಿನವು. ಬೆಟ್ಟದ ನಿಲ್ದಾಣಗಳಿಗೆ ಆ ಕಂಪನಿ ಕಾಲಿಟ್ಟು ಮೂರು ವರ್ಷವಾಗಿತ್ತಷ್ಟೆ. ಒಂದೇ ವಿಮಾನ, ನಾಲ್ಕು ಸಾವಿರದಷ್ಟು ಇಳಿತ. ಹಿಮಚುಲಿ ಹತ್ತು ವರ್ಷಗಳಲ್ಲಿ ಅಂಥ ಕಡೆ ಅರವತ್ತು ಸಾವಿರ ಸಲ ಇಳಿದಿತ್ತು. ಎಂದರೆ ಮೂವತ್ತು ಸಾವಿರ ಇಳಿತಕ್ಕೊಂದು ಅಪಘಾತ. ಹಿಮಚುಲಿಯವರೇ ಬರೀ ನಾಲ್ಕು ಸಾವಿರ ಸಲ ಇಳಿದಿದ್ದರೆ, ಅವರ ಲೆಕ್ಕವೂ ಸೊನ್ನೆಯೇ ಆಗಿರುವ ಸಂಭವ ಎಂಟರಲ್ಲಿ ಏಳು ಪಾಲು. ಸುನಾಖರಿಯ ಸೊನ್ನೆ ಒಳ್ಳೆಯ ಸೊನ್ನೆಯೋ, ಇನ್ನೂ ಸರದಿ ಬಾರದ ಸೊನ್ನೆಯೋ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ಇದನ್ನೇ ಆಕೆ ಮನೆಯಲ್ಲಿ ಗಂಡ ಹಿರಣ್ಯನಿಗೆ ಹೇಳಿದಳು. ಅವನು ಓಕುಬಹಾಲ್ ಕೇರಿಯಲ್ಲಿ ದೇವರ ಮೂರ್ತಿಗಳನ್ನು ಎರಕ ಹೊಯ್ಯುವವನು. ಅವಲಕ್ಕಿ ಮೆಲ್ಲುತ್ತ ಕೇಳಿಸಿಕೊಂಡ.

"ನಮ್ಮ ಕೇರಿಯಲ್ಲಿ ಆ ತೆಳ್ಳನೆ ಚೀಕು ಇದ್ದಾನಲ್ಲ," ಎಂದಳು ಜ್ಞಾನು, "ಅವನ ಅಚ್ಚು ಯಾವತ್ತಾದ್ರೂ ಬಿರಿದಿದೆಯಾ?"

"ಅವನು ಹೊಯ್ಯೋದು ದೀಪದ ಬಟ್ಟಲು. ಅದೆಲ್ಲಿ ಬಿರಿಯುತ್ತೆ?"

"ನಿನ್ನದು?"

"ಹೋದ ವರ್ಷ ಆ ಆಳೆತ್ತರದ ತಾರಾದೇವಿ ಎರಡು ಸಲ ಬಿರಿದ್ಲು. ನಿನಗೇ ಗೊತ್ತಲ್ಲ, ಊರಿಗೆಲ್ಲ ಹೇಳಿಕೊಂಡು ನಕ್ಕೆ ನೀನು."

"ಹಾಗಾದ್ರೆ ಚೀಕು ನಿನಗಿಂತ ಒಳ್ಳೆ ಕೆಲಸಗಾರ."

ಹಿರಣ್ಯ ತಟ್ಟೆ ಕೆಳಗಿಟ್ಟ. "ಆ ಡಾಕ್ಟರಿಗೆ ಹೇಳು. ಚೀಕು ಹತ್ರ ತಾರಾ ಮಾಡಿಸ್ಕೊಳ್ಳಲಿ, ಆಮೇಲೆ ಗೊತ್ತಾಗುತ್ತೆ."

ಆದರೆ ಡಾಕ್ಟರ್ ರಿಮಾಲ್ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಎರಡನೆಯ ಸಲ ಮಾತಿಗೆ ಕುಳಿತಾಗ ಅವರ ಕೈಯಲ್ಲೂ ಒಂದು ಅಂಕಿ ಇತ್ತು. ಸಣ್ಣಪುಟ್ಟ ತೊಂದರೆಗಳನ್ನು, ಅಂದರೆ ಬಾಗಿಲಿನ ದೀಪ ಹತ್ತಲಿಲ್ಲ, ಗಾಳಿಗೆ ಇಳಿಯಲಾಗದೆ ಮತ್ತೆ ಏರಿದೆವು, ಟಯರು ಸವೆದಿತ್ತು ಎಂಬಂಥವನ್ನು, ಕಂಪನಿಗಳು ಇಲಾಖೆಗೆ ತಿಳಿಸಬೇಕೆಂಬ ನಿಯಮವಿದೆ. ಕಳೆದ ವರ್ಷ ಹಿಮಚುಲಿ ಅಂಥ ನಲವತ್ತೇಳನ್ನು ತಿಳಿಸಿತ್ತು. ಸುನಾಖರಿ ಮೂರನ್ನು.

"ನಲವತ್ತೇಳು," ಎಂದರು ರಿಮಾಲ್. "ಇದಕ್ಕೇನಂತೀರಿ?"

ಜ್ಞಾನು ಕೇಳಿದಳು. "ಡಾಕ್ಟರ್ ಸಾಬ್, ನಮ್ಮ ರಾತಾಪಾನಿ ಆಸ್ಪತ್ರೆ ನೆನಪಿದೆಯಾ? ನೀವು ಅಲ್ಲಿಗೆ ಹೋದ ಮೊದಲ ವರ್ಷ ಬಾಣಂತಿ ಸಾವು ಮೂರು ಪಟ್ಟಾಯ್ತು ಅಂತ ಪೇಪರಿನವರು ಬರೆದಿದ್ರು."

"ಸಾವು ಹೆಚ್ಚಾಗಿರಲಿಲ್ಲ. ಅದಕ್ಕೆ ಮುಂಚೆ ಯಾರೂ ಬರೆದುಕೊಳ್ತಾನೇ ಇರಲಿಲ್ಲ. ನಾನು ಬಂದ್ಮೇಲೆ ಒಂದೊಂದನ್ನೂ—" ರಿಮಾಲ್ ಅರ್ಧಕ್ಕೇ ನಿಂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಬಹಳ ಕೆಟ್ಟವರು ಜ್ಞಾನುಜಿ."

"ಹಿಮಚುಲಿಯವರು ಪುಣ್ಯವಂತರು ಅಂತ ನಾನು ಹೇಳ್ತಿಲ್ಲ. ನಲವತ್ತೇಳು ಅಂದ್ರೆ ನಲವತ್ತೇಳು ಸಲ ಬಾಯಿ ಬಿಟ್ಟಿದ್ದಾರೆ ಅಂತ ಅಷ್ಟೇ. ಬೆಟ್ಟದಲ್ಲಿ ವರ್ಷಪೂರ್ತಿ ಹಾರಿ ಮೂರೇ ಮೂರು ತೊಂದರೆ ಆಯ್ತು ಅನ್ನೋರ ಬಗ್ಗೆ ನನಗೆ ಹೆಚ್ಚು ಭಯ."

"ಸರಿ. ಹಿಮಚುಲಿ ಕೆಟ್ಟದ್ದಲ್ಲ ಅಂತ ಬರೀತೀರಿ. ಅದನ್ನ ಧನಬೀರನ ಮುಖ ನೋಡಿಕೊಂಡು ಹೇಳ್ತೀರಾ?"

ಆ ವಾರವೇ ಜ್ಞಾನು ನೇಪಾಲ್‌ಗಂಜ್‌ಗೆ ಹೊರಟಳು.

ಚೈತ್‌ನ ನೇಪಾಲ್‌ಗಂಜ್ ಎಂದರೆ ಬೆಳಿಗ್ಗೆಯೇ ಕಾದ ಬಾಣಲೆ. ಇಳಿದ ದಿನ ಆಕೆ ನೇರ ಕಚೇರಿಗೆ ಹೋಗುವ ಧೈರ್ಯ ಮಾಡಲಿಲ್ಲ. ವಿಮಾನ ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲಿ ಕ್ಯಾಪ್ಟನ್ ಇಂದ್ರಹಾಂಗ್ ಲಿಂಬುವಿಗಾಗಿ ಕಾದಳು. ಮೊದಲೇ ಫೋನು ಮಾಡಿ ಒಪ್ಪಿಸಿದ್ದಳು. ಇಂದ್ರಹಾಂಗ್ ಹಿಮಚುಲಿಯಲ್ಲಿ ಎಂಟು ವರ್ಷ ಹಾರಿಸಿ ಈಗ ಸುನಾಖರಿಗೆ ಹೋಗಿದ್ದ ಪೈಲಟ್. ಬೆಳಗಿನ ಎರಡು ಸುತ್ತು ಹಾರಾಟ ಮುಗಿಸಿ ಬಂದವನು, ಬೆವರಿಗೆ ಅಂಗಿ ಬೆನ್ನಿಗಂಟಿತ್ತು.

"ಎರಡೂ ಮನೆ ಅನ್ನ ಉಂಡವನು ನಾನು," ಎಂದ ಅವನು. "ಯಾವುದು ಒಳ್ಳೇದು ಅಂತ ಮಾತ್ರ ಕೇಳ್ಬೇಡಿ ದೀದಿ. ಬೇಳೆ ಎರಡು ಕಡೇನೂ ಒಂದೇ, ಉಪ್ಪು ಸ್ವಲ್ಪ ಹೆಚ್ಚು ಕಡಿಮೆ."

"ಕೇಳಲ್ಲ. ನೀವು ನಿಮ್ಮ ಹೆಂಡತೀನ ಲೇಕಗಾಂವ್‌ಗೆ ಕಳಿಸೋದಾದ್ರೆ ಯಾವುದರಲ್ಲಿ ಕಳಿಸ್ತೀರಿ?"

"ಮೊದಲನೇ ಸುತ್ತಿನಲ್ಲಿ."

"ಯಾವ ಕಂಪನಿ?"

"ಅದನ್ನೇ ಹೇಳಿದ್ದು. ಯಾವುದಾದ್ರೂ ಸರಿ, ಮೊದಲನೇ ಸುತ್ತು. ಬಿಸಿಲು ಏರಿದ ಮೇಲೆ ಕಣಿವೆಯಲ್ಲಿ ಗಾಳಿ ಎದ್ದು ಕೂರುತ್ತೆ. ನೀವು ಇಳೀಬೇಕು ಅಂತಿರೋ ಕಡೆಯಿಂದ ನಿಮ್ಮನ್ನ ಕೆಳಕ್ಕೆ ಒತ್ತುತ್ತೆ. ಒಳ್ಳೆ ದಿನ ಆದ್ರೆ ಅಷ್ಟರೊಳಗೆ ನಮ್ಮ ಕೆಲಸ ಮುಗಿದಿರುತ್ತೆ. ಚಳಿಗಾಲದಲ್ಲಿ ಇಲ್ಲಿ ಕೆಳಗೆ ಮಂಜು. ಮಂಜು ಕರಗೋ ತನಕ ಕೂತಿರ್ತೀವಿ. ಅಷ್ಟು ಹೊತ್ತಿಗೆ ಹೊರಟ್ರೆ ಅಲ್ಲಿ ಮೇಲೆ ಗಾಳಿ. ಒಂದು ಕೈಯಲ್ಲಿ ಮಂಜು ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಗಾಳಿ."

"ಹೊರಡದೆ ಇರಬಹುದಲ್ಲ?"

ಇಂದ್ರಹಾಂಗ್ ಚಹಾದ ಲೋಟದೊಳಗೆ ನೋಡಿದ. "ಇರಬಹುದು. ಒಳಗೆ ಜನ ಬೆಳಿಗ್ಗೆಯಿಂದ ಕಾದಿರ್ತಾರೆ. ಹೆಣ ಇಟ್ಕೊಂಡು ಊರಿಗೆ ಹೋಗೋರು, ಪರೀಕ್ಷೆ ಇರೋ ಹುಡುಗಿ, ಅಕ್ಕಿ ಮೂಟೆ. ಕಂಪನಿಯವನು ಕಣ್ಣಲ್ಲೇ ಕೇಳ್ತಿರ್ತಾನೆ. ಹಿಮಚುಲಿಯಲ್ಲೂ ಕೇಳ್ತಾನೆ, ಇಲ್ಲೂ ಕೇಳ್ತಾನೆ. ಮಾಘದಲ್ಲಿ ಹೋದನಲ್ಲ ಕ್ಯಾಪ್ಟನ್, ಅವನು ನನಗೆ ಗುರು. ಅವನಿಗೆ ಹಾರಿಸೋಕೆ ಬರ್ತಿರಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಎದ್ದು ಹೋಗ್ತೀನಿ."

ಜ್ಞಾನು ಅಂದು ಸಂಜೆ ಅತಿಥಿಗೃಹದ ಕೂಲರಿನ ಮುಂದೆ ಕುಳಿತು ಲೆಕ್ಕವನ್ನು ಬೇರೆ ರೀತಿಯಲ್ಲಿ ಹಂಚಿದಳು. ಕಂಪನಿಗಳ ಹೆಸರನ್ನೆಲ್ಲ ಅಳಿಸಿ, ಇಪ್ಪತ್ತೈದು ವರ್ಷಗಳಲ್ಲಿ ಬೆಟ್ಟದ ನಿಲ್ದಾಣಗಳ ಹಾದಿಯಲ್ಲಿ ಬಿದ್ದ ಎಲ್ಲ ವಿಮಾನಗಳನ್ನು ಒಂದೇ ರಾಶಿ ಮಾಡಿದಳು. ಒಂದು ಕಂಪನಿಯ ಒಂದೆರಡು ಅಪಘಾತ ಏನನ್ನೂ ಹೇಳುವುದಿಲ್ಲ. ಎಲ್ಲ ಸೇರಿದರೆ ಮಾತಾಡುವಷ್ಟಾಗುತ್ತದೆ. ಮುಂಜಾನೆಯ ಹಾರಾಟ, ಬಿಸಿಲೇರಿದ ಮೇಲಿನ ಹಾರಾಟ ಎಂದು ಎರಡು ಭಾಗ ಮಾಡಿದಳು. ಬಿಸಿಲೇರಿದ ಮೇಲಿನವು ಐದರಲ್ಲಿ ಒಂದು ಪಾಲು ಮಾತ್ರ. ಆದರೆ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ಅವುಗಳವೇ. ಹಾರಾಟಕ್ಕೆ ಹಾರಾಟ ಹೋಲಿಸಿದರೆ ಎಂಟು ಪಟ್ಟು.

ಮತ್ತೆ ಮತ್ತೆ ನೋಡಿದಳು. ತಪ್ಪು ಹುಡುಕಿದಳು. ಹೊತ್ತು ಮಾತ್ರವೇ ಕಾರಣವಲ್ಲದಿರಬಹುದು. ತಡವಾದ ದಿನವೆಂದರೆ ಮೊದಲಿಂದಲೂ ಹವೆ ಕೆಟ್ಟ ದಿನ, ಪೈಲಟ್ ದಣಿದ ದಿನ, ಎಲ್ಲರೂ ಅವಸರಪಟ್ಟ ದಿನ. ಆದರೆ ಟಿಕೆಟ್ ಹಿಡಿದು ನಿಂತವರಿಗೆ ಆ ವ್ಯತ್ಯಾಸ ಬೇಕಿಲ್ಲ. ಯಾವ ಕಂಪನಿ ಎಂದು ಕೇಳುವುದಕ್ಕಿಂತ ತಡವಾಗಿದೆಯೇ ಎಂದು ಕೇಳುವುದು ಅವರಿಗೆ ಹೆಚ್ಚು ಉಪಯೋಗದ ಪ್ರಶ್ನೆ. ಇಷ್ಟು ಸ್ಪಷ್ಟವಾದಾಗ ಆಕೆಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಬಿತಾ ಹತ್ತಿದ್ದು ಮೂರನೆಯ ಸುತ್ತಿನ ವಿಮಾನ.

ಮರುದಿನ ಧನಬೀರ್ ಉಗ್ರಾಣದಲ್ಲಿ ಔಷಧಿ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದ. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ಎರಡು ತಿಂಗಳಲ್ಲಿ ಕೊರಳು ಸಣ್ಣಗಾಗಿ ಅಂಗಿಯ ಕಾಲರು ಸಡಿಲಾಗಿತ್ತು. ಜ್ಞಾನುವನ್ನು ಕಂಡು ಪೆಟ್ಟಿಗೆಯೊಂದನ್ನು ಒರೆಸಿ ಕೂರಲು ಕೊಟ್ಟ.

"ಬರ್ತೀರಿ ಅಂತ ಗೊತ್ತಿತ್ತು ದೀದಿ. ವರದಿ ಬರೀತಿದ್ದೀರಂತೆ."

"ಹೂಂ. ಮಗಳು ಹೇಗಿದ್ದಾಳೆ?"

"ಅತ್ತೆ ಮನೇಲಿದ್ದಾಳೆ. ವಿಮಾನದ ಸದ್ದು ಕೇಳದಿರೋ ಊರು, ಅದಕ್ಕೇ ಅಲ್ಲಿ ಬಿಟ್ಟೆ." ಹಗ್ಗದ ಗಂಟು ಎಳೆದು ನೋಡಿ, ಅವನು ಎದುರಿನ ಪೆಟ್ಟಿಗೆಯ ಮೇಲೆ ಕುಳಿತ. "ಒಂದು ಕೇಳ್ತೀನಿ, ಸುತ್ತಿ ಬಳಸಿ ಹೇಳ್ಬೇಡಿ. ಆವತ್ತು ಸುನಾಖರಿಯಲ್ಲೂ ಒಂದು ಸೀಟಿತ್ತು. ನಾನು ಹಿಮಚುಲಿ ತಗೊಂಡೆ. ಅವರ ಪೈಲಟ್‌ಗಳು ಆ ದಾರಿಯಲ್ಲಿ ಪಳಗಿದವರು ಅಂತ. ತಪ್ಪು ಮಾಡಿದ್ನಾ?"

"ಇಲ್ಲ."

"ಸುಮ್ಮನೆ ಹೇಳ್ತಿಲ್ಲ ತಾನೇ?"

"ಸುಮ್ಮನೆ ಹೇಳೋದಾಗಿದ್ರೆ ಫೋನಲ್ಲೇ ಹೇಳ್ತಿದ್ದೆ. ಎರಡೂ ಕಂಪನಿ ಲೆಕ್ಕ ನೋಡಿದ್ದೀನಿ ಭಾಯಿ. ಸುನಾಖರಿ ಹೆಚ್ಚು ಸುರಕ್ಷಿತ ಅನ್ನೋಕೆ ಆಧಾರ ಇಲ್ಲ. ಹಿಮಚುಲಿ ಅಂತ ಹೇಳೋಕೂ ಇಲ್ಲ. ಅಷ್ಟು ಕಡಿಮೆ ಹಾರಾಟದಲ್ಲಿ ಯಾರಿಗೂ ಗೊತ್ತಾಗಲ್ಲ. ಆವತ್ತು ಬೆಳಿಗ್ಗೆ ನಿನಗೂ ಗೊತ್ತಾಗೋಕೆ ಸಾಧ್ಯ ಇರಲಿಲ್ಲ."

ಧನಬೀರ್ ತಲೆಯಾಡಿಸಿದ. ಹಗುರಾದವನಂತೆ ಕಾಣಲಿಲ್ಲ. "ಎಲ್ರೂ ನನ್ನ ಹತ್ರ ಬಂದು ಹಿಮಚುಲಿಗೆ ಶಾಪ ಹಾಕ್ತಾರೆ. ನನಗೆ ಖುಷಿಯಾಗಲಿ ಅಂತ. ಆ ಕಂಪನಿ ಕೆಟ್ಟದ್ದು ಅಂದ್ರೆ ಟಿಕೆಟ್ ತಂದೋನು ನಾನು. ಕೆಟ್ಟದ್ದಲ್ಲ ಅಂದ್ರೆ, ಮತ್ತೆ ಅವಳು ಯಾತಕ್ಕೆ ಹೋದ್ಲು? ಎರಡೂ ಕಡೆ ಮುಳ್ಳೇ."

ಜ್ಞಾನು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಇನ್ನೊಂದು ವಿಷಯ ಇದೆ. ನೀನು ಕೇಳಿಲ್ಲ, ಆದ್ರೆ ವರದಿಯಲ್ಲಿ ಬರುತ್ತೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗೋದು ಬೇಡ."

"ಹೊತ್ತಿನದ್ದು ತಾನೇ?"

ಆಕೆ ತಲೆಯೆತ್ತಿ ನೋಡಿದಳು.

"ನಾನು ಬೆಟ್ಟದೋನು ದೀದಿ. ಬಿಸಿಲೇರಿದ ಮೇಲೆ ಕಣಿವೆ ಏನು ಮಾಡುತ್ತೆ ಅಂತ ಕುರಿ ಕಾಯೋ ಹುಡುಗರಿಗೂ ಗೊತ್ತು. ಆವತ್ತು ಮಂಜು ಇತ್ತು. ಅವಳು ನಿಲ್ದಾಣದಿಂದ ಫೋನ್ ಮಾಡಿದ್ಲು, ಮೊದಲನೇ ಸುತ್ತು ಹೋಗಿಲ್ಲ, ಮೂರನೇದಕ್ಕೆ ಹಾಕಿದ್ದಾರೆ, ಏನ್ಮಾಡಲಿ ಅಂತ. ಮನೆಗೆ ಬಾ, ನಾಳೆ ಹೋಗು ಅಂದೆ. ವಾಪಸ್ಸು ಬಂದ್ರೆ ದಿನ ಹೋಗುತ್ತಲ್ಲ ಅಂದ್ಲು."

"ಯಾವ ದಿನ?"

"ನಿಮಗೆ ಗೊತ್ತಿಲ್ವಾ? ಕ್ಯಾಂಪಿಗೆ ಅಂತ ಹೊರಟು ನಿಲ್ದಾಣದಿಂದ ವಾಪಸ್ಸು ಬಂದ್ರೆ ಆ ದಿನ ನಮ್ಮ ಸ್ವಂತ ರಜೆಗೆ ಹೋಗುತ್ತೆ. ಹವೆ ಸರಿಯಿಲ್ಲ ಅಂತ ಸುಳ್ಳು ಹೇಳಿ ಕೆಲವರು ಮನೇಲಿ ಮಲಗ್ತಿದ್ರು, ಅದಕ್ಕೆ ಮಾಡಿದ ನಿಯಮ. ವಿಮಾನ ರದ್ದಾದ್ರೆ ಪರವಾಗಿಲ್ಲ. ವಿಮಾನ ಹೋಗಿ ನೀನು ಹೋಗದಿದ್ರೆ, ನಿನ್ನ ರಜೆ. ಮಗಳಿಗೆ ಟೈಫಾಯ್ಡ್ ಆದಾಗ ಅವಳ ರಜೆ ಹೆಚ್ಚುಕಡಿಮೆ ಎಲ್ಲ ಮುಗಿದಿತ್ತು. ಒಂದೋ ಎರಡೋ ಉಳಿದಿತ್ತು. ಮಗಳ ಶಾಲೆ ಕಾರ್ಯಕ್ರಮಕ್ಕೆ ಅಂತ ಇಟ್ಕೊಂಡಿದ್ಲು." ಅವನು ಪೆಟ್ಟಿಗೆಯ ಮೇಲಿನ ಧೂಳು ಒರೆಸಿದ. "ಗಟ್ಟಿಯಾಗಿ ಹೇಳ್ಬೇಕಿತ್ತು ನಾನು. ಬಾ ಅಂತ ಹೇಳಿದ್ದು ಹೌದು. ಗಟ್ಟಿಯಾಗಿ ಹೇಳಲಿಲ್ಲ."

ಹೊರಗೆ ಯಾರೋ ಲಾರಿಯನ್ನು ಹಿಂದಕ್ಕೆ ತೆಗೆಸುತ್ತ "ಬರಲಿ, ಬರಲಿ" ಎಂದು ಕೂಗುತ್ತಿದ್ದರು. ಜ್ಞಾನುವಿಗೆ ಸಮಾಧಾನದ ಮಾತು ಹುಡುಕಿ ಹೇಳಬೇಕೆನಿಸಿತು. ಆದರೆ ತನ್ನ ಬಳಿ ಇದ್ದದ್ದು ಲೆಕ್ಕ ಮಾತ್ರ, ಅದನ್ನೇ ಹೇಳಿದಳು.

"ಮೂರನೇ ಸುತ್ತಿನಲ್ಲಿ ಹೋದ ವಿಮಾನಗಳಲ್ಲೂ ಸಾವಿರಕ್ಕೆ ಸಾವಿರ ಅನ್ನೋ ಹಾಗೆ ಕ್ಷೇಮವಾಗೇ ಇಳಿದಿವೆ ಭಾಯಿ. ನೀನು ಗಟ್ಟಿಯಾಗಿ ಹೇಳದೆ ಇದ್ದದ್ದು, ಎಲ್ರೂ ದಿನಾ ಮಾಡೋ ಕೆಲಸ. ನಿನಗೆ ಒಬ್ಬನಿಗೇ ಅದರ ಬೆಲೆ ಬಿತ್ತು."

"ಅದನ್ನ ವರದಿಯಲ್ಲಿ ಬರೀತೀರಾ?"

"ನಿಮ್ಮಿಬ್ಬರ ಮಾತು ಬರೆಯಲ್ಲ. ರಜೆ ನಿಯಮ ಬರೀತೀನಿ, ನೀನು ಒಪ್ಪಿದ್ರೆ."

"ಬರೀರಿ," ಎಂದ ಧನಬೀರ್, ಎದ್ದು ಇನ್ನೊಂದು ಪೆಟ್ಟಿಗೆಗೆ ಕೈ ಹಾಕುತ್ತ. "ದೊಡ್ಡ ಅಕ್ಷರದಲ್ಲಿ ಬರೀರಿ."

ಪಾಟನ್‌ಗೆ ಮರಳಿದ ಮೇಲೆ ಜ್ಞಾನು ಡಾಕ್ಟರ್ ರಿಮಾಲರ ಮುಂದೆ ಇಟ್ಟದ್ದು ಒಂದು ಪುಟವಲ್ಲ, ಆರು ಪುಟ. ಅವರು ಪೂರ್ತಿ ಓದಿದರು. ಐದನೆಯ ಪುಟದಲ್ಲಿ ರಜೆಯ ನಿಯಮದ ಮಾತಿತ್ತು. ಅಲ್ಲಿ ಅವರ ಕಣ್ಣು ಬಹಳ ಹೊತ್ತು ನಿಂತಿತು.

"ಆ ನಿಯಮ ಮಾಡಿದ್ದು ನಾನು."

"ಗೊತ್ತು."

"ಅಂದ್ರೆ ಕಬಿತಾನ ಕೊಂದದ್ದು ನನ್ನ ನಿಯಮ ಅಂತೀರಾ?"

"ಅಷ್ಟು ಹೇಳೋಕೆ ಒಂದು ಅಪಘಾತ ಸಾಲದು ಡಾಕ್ಟರ್ ಸಾಬ್. ಹಿಮಚುಲಿ ಕೆಟ್ಟದ್ದು ಅನ್ನೋಕೆ ಎರಡು ಸಾಲಲಿಲ್ಲವಲ್ಲ, ಹಾಗೇ."

ರಿಮಾಲ್ ಕಿಟಕಿಯ ಕಡೆ ತಿರುಗಿದರು. ಅವರ ದನಿ ಎಂದಿನಂತಿರಲಿಲ್ಲ. "ಹಿಮಚುಲಿಗೆ ತೋರಿಸಿದ ನ್ಯಾಯಾನೇ ನನಗೂ ತೋರಿಸ್ತಿದ್ದೀರಿ."

"ಬೇರೆ ನ್ಯಾಯ ನನ್ನ ಹತ್ರ ಇಲ್ಲ. ಆದ್ರೆ ನಿಯಮ ತೆಗೀಬೇಕು. ಅದು ತಡವಾದ ವಿಮಾನಕ್ಕೆ ಜನರನ್ನ ತಳ್ಳುತ್ತೆ. ಅಷ್ಟಕ್ಕೆ ಆಧಾರ ಇದೆ."

"ಸುಳ್ಳು ಹೇಳಿ ಮನೇಲಿ ಮಲಗೋರು?"

"ನಾಲ್ಕು ಜನ ಮಲಗಲಿ."

ಆಡಳಿತ ಮಂಡಳಿಯ ಸಭೆಯಲ್ಲಿ ಅಷ್ಟು ಸಲೀಸಾಗಲಿಲ್ಲ. ಒಬ್ಬರು ವಿಮಾನವೇ ಬೇಡ, ಸುರ್ಖೇತ್‌ನಿಂದ ಜೀಪಿನಲ್ಲಿ ಹೋಗಲಿ ಎಂದರು. ಆ ಬೆಟ್ಟದ ರಸ್ತೆಯಲ್ಲಿ ನದಿಗೆ ಉರುಳಿದ ಜೀಪುಗಳ ಲೆಕ್ಕವನ್ನು ಜ್ಞಾನು ಮುಂದಿಟ್ಟಾಗ, ಪ್ರಯಾಣಕ್ಕೆ ಪ್ರಯಾಣ ಹೋಲಿಸಿದರೆ ಬೆಳಗಿನ ವಿಮಾನವೇ ಎಷ್ಟೋ ವಾಸಿ ಎಂದು ತಿಳಿದು ಸುಮ್ಮನಾದರು. ಇನ್ನೊಬ್ಬರಿಗೆ ಯಾವುದಾದರೂ ಒಂದು ಕಂಪನಿಯ ಹೆಸರು ಬೇಕೇ ಬೇಕಿತ್ತು. "ಜನಕ್ಕೆ ಅರ್ಥ ಆಗೋ ಹಾಗೆ ಒಂದು ಹೆಸರು ಹೇಳಿ," ಎಂದು ಅವರು ಹಟ ಹಿಡಿದರು. ಆಗ ಬಾಯಿ ತೆರೆದವರು ರಿಮಾಲ್. ನಿಯಮ ಮಾಡಿದವನು ತಾನು, ತೆಗೆಯುವವನೂ ತಾನೇ ಎಂದು ಹೇಳಿ ಕುಳಿತರು. ಅದಾದ ಮೇಲೆ ಹೆಚ್ಚು ಚರ್ಚೆಯಾಗಲಿಲ್ಲ.

ಕಡೆಗೆ ನಿಂತದ್ದು ಇದು: ಬೆಟ್ಟಕ್ಕೆ ಹೋಗುವವರು ಮೊದಲನೆಯ ಸುತ್ತಿನಲ್ಲೇ ಹೋಗಬೇಕು, ತಡವಾದರೆ ಮರಳಬೇಕು, ಮರಳಿದವರನ್ನು ಯಾರೂ ಏಕೆಂದು ಕೇಳಕೂಡದು, ತೊಂದರೆಗಳ ವರದಿಯನ್ನು ತೋರಿಸಲು ಒಪ್ಪದ ಕಂಪನಿಯಲ್ಲಿ ಟಿಕೆಟ್ ಇಲ್ಲ. ಒಂದು ದೇಣಿಗೆ ಸಂಸ್ಥೆ ಮಾತ್ರ, ತಮ್ಮ ಹಣದಲ್ಲಿ ಹೋಗುವವರು ಹಿಮಚುಲಿ ಹತ್ತಕೂಡದೆಂದು ಪಟ್ಟು ಹಿಡಿಯಿತು. ಜ್ಞಾನು ಎರಡು ಸಲ ವಿವರಿಸಿ ಬರೆದಳು. ಅವರು ಎರಡು ಸಲವೂ ವಂದನೆ ತಿಳಿಸಿ ತಮ್ಮ ಮಾತಿಗೇ ಅಂಟಿಕೊಂಡರು. ಅದನ್ನು ಹಾಗೆಯೇ ಒಪ್ಪಿಕೊಳ್ಳಬೇಕಾಯಿತು.

ಬೈಶಾಖದಲ್ಲಿ ಡಾಕ್ಟರ್ ರಿಮಾಲ್ ಲೇಕಗಾಂವ್‌ನ ಆರೋಗ್ಯ ಕೇಂದ್ರ ನೋಡಲು ಹೊರಟರು. ಜ್ಞಾನುವೂ ಜೊತೆಗಿದ್ದಳು. ನೇಪಾಲ್‌ಗಂಜ್ ನಿಲ್ದಾಣಕ್ಕೆ ಇನ್ನೂ ತಂಪಿರುವಾಗಲೇ ಬಂದರು. ಸುತ್ತಲಿನ ಕಾಡುಗಳಲ್ಲಿ ಬೆಂಕಿ ಬಿದ್ದು ಆಕಾಶವೆಲ್ಲ ಹೊಗೆಯಿಂದ ಬೂದಿಯ ಬಣ್ಣವಾಗಿತ್ತು. ರನ್‌ವೇಯ ಕೊನೆ ಕಾಣುತ್ತಿರಲಿಲ್ಲ. ಹೊಗೆ ತಿಳಿಯಾಗುವಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತ್ತು. ಹಿಮಚುಲಿಯ ಹುಡುಗಿ ಬಂದು ಲೇಕಗಾಂವ್‌ನವರು ಬನ್ನಿ ಎಂದು ಕರೆದಳು.

ರಿಮಾಲ್ ಎದ್ದು ನಿಂತರು. ಧನಬೀರ್ ಅವರ ಚೀಲವನ್ನು ಎತ್ತಿಕೊಂಡ. ಬಾಗಿಲಿನ ಕಡೆಗಲ್ಲ, ಜೀಪಿನ ಕಡೆಗೆ.

"ಧನಬೀರ್, ಮೇಲೆ ಜನ ಹೂಮಾಲೆ ಹಿಡ್ಕೊಂಡು ಕಾಯ್ತಿದ್ದಾರೆ."

"ನಾಳೆ ಹೊಸ ಮಾಲೆ ಕಟ್ಟಲಿ ಡಾಕ್ಟರ್ ಸಾಬ್."

"ಗಾಳಿ ಅಷ್ಟೇನೂ ಇಲ್ಲ. ನೋಡು, ಎಲೆ ಕೂಡ ಅಲ್ಲಾಡ್ತಿಲ್ಲ."

"ಇಲ್ಲಿ ಅಲ್ಲಾಡ್ತಿಲ್ಲ." ಅವನು ನಡೆಯುತ್ತಲೇ ಇದ್ದ. ಈ ಸಲ ದನಿ ಗಟ್ಟಿಯಾಗಿಯೇ ಇತ್ತು. ರಿಮಾಲ್ ಜ್ಞಾನುವಿನ ಮುಖ ನೋಡಿದರು, ಅಲ್ಲಿ ಬೆಂಬಲ ಸಿಗದೆ ಅವನ ಹಿಂದೆಯೇ ನಡೆದರು.

ಕಚೇರಿಯಲ್ಲಿ ಊಟಕ್ಕೆ ಕುಳಿತಿದ್ದಾಗ ಲೇಕಗಾಂವ್‌ನಿಂದ ಫೋನು ಬಂತು. ವಿಮಾನ ಸುಖವಾಗಿ ಇಳಿದಿತ್ತು. ಡಾಕ್ಟರ್ ಇಳಿಯುತ್ತಾರೆಂದು ಕಾದಿದ್ದ ಹೂಮಾಲೆಯನ್ನು ಮೊದಲು ಇಳಿದ ಅಕ್ಕಿ ವ್ಯಾಪಾರಿಗೇ ಹಾಕಿಬಿಟ್ಟರಂತೆ.

"ನೋಡಿ," ಎಂದರು ರಿಮಾಲ್, ಅನ್ನದ ಮೇಲೆ ಬೇಳೆ ಸುರಿದುಕೊಳ್ಳುತ್ತ. "ಸುಮ್ಮನೆ ಒಂದು ದಿನ ಹಾಳಾಯ್ತು. ಏನೂ ಆಗಲಿಲ್ಲ."

"ಏನೂ ಆಗಲ್ಲ," ಎಂದಳು ಜ್ಞಾನು. "ನೂರು ಸಲ ವಾಪಸ್ಸು ಬಂದ್ರೂ ನೂರು ಸಲವೂ ಹೀಗೇ ಫೋನ್ ಬರುತ್ತೆ. ನೀವು ನೂರು ಸಲವೂ ನನ್ನನ್ನ ಬಯ್ತೀರಿ. ನಾವು ಮಾಡಿದ್ದು ಸರಿ ಅಂತ ತೋರಿಸೋ ದಿನ ಬರಬಾರದು ಅಂತಾನೇ ನನ್ನ ಆಸೆ."

ಧನಬೀರ್ ಪಲ್ಯದ ಬಟ್ಟಲನ್ನು ರಿಮಾಲರ ಕಡೆ ಸರಿಸಿದ.

"ಇಳಿದದ್ದು ಒಳ್ಳೇದೇ ಆಯ್ತು," ಎಂದ. "ಅದರಲ್ಲಿ ನಮ್ಮ ಕೆಳಗಿನ ಕೇರಿಯ ಮುದುಕಿ ಒಬ್ಬಳಿದ್ಲು."

ಮರುದಿನ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಮೊದಲನೆಯ ಸುತ್ತಿನಲ್ಲಿ ಹಿಮಚುಲಿಯದೇ ವಿಮಾನ. ಜ್ಞಾನು ಕಿಟಕಿಯ ಪಕ್ಕ ಕುಳಿತಳು. ಆಕೆಗೆ ಹೆದರಿಕೆಯಾಯಿತು, ಲೆಕ್ಕ ಗೊತ್ತಿದ್ದವರಿಗೆ ಹೆದರಿಕೆಯಾಗಬಾರದೆಂದೇನಿಲ್ಲ. ರನ್‌ವೇಯಾಚೆಯ ಬೇಲಿಯ ಬಳಿ ಧನಬೀರ್ ನಿಂತಿದ್ದ. ವಿಮಾನ ಏರಿದ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ಜೀಪಿನ ಕಡೆ ತಿರುಗಿದ. ಅವನಿಗೆ ಅಂದು ಕಳಿಸಬೇಕಾದ ಪೆಟ್ಟಿಗೆಗಳು ಇನ್ನೂ ಇದ್ದವು.